ಬರೆದು ಮುಗಿದ ಹಾಳೆಗಳು

ದಸರಾ ರಜೆಗೆ ಮೇಷ್ಟ್ರು ದಿನಕ್ಕೆರಡರಂತೆ ನಲವತ್ತು ಪುಟ ಕಾಪಿ ಬರೆಯಲು ಹೇಳಿದ್ದರು. ಬರೆಯದವರ ಅಪ್ಪನನ್ನು ಕರೆಸುತ್ತೇನೆ ಎಂದೂ ಹೇಳಿದ್ದರು. ಏಳನೇ ಕ್ಲಾಸಿನ ಅಮ್ಮಾಜಮ್ಮನಿಗೆ ಭಯವಿದ್ದದ್ದು ಈ ಎರಡನೆಯ ಮಾತಿನದು. "ಸ್ಕೂಲಿಂದ ಒಂದು ದೂರು ಬರ್ಲಿ, ಅವತ್ತಿಗೆ ನಿನ್ನ ಓದು ಮುಗೀತು" ಎಂದು ಅಪ್ಪ ಮುನಿಗಂಗಪ್ಪ ಸಾವಿರದ ಒಂಬೈನೂರ ಅರವತ್ತೊಂದರ ಜೂನಿನಲ್ಲಿ, ಸ್ಕೂಲು ಶುರುವಾದಾಗಲೇ ಹೇಳಿಬಿಟ್ಟಿದ್ದ.

ಮೇಲೂರಿನ ಅವರ ಮನೆಯಲ್ಲಿ ರಜೆ ಎಂದರೆ ಹಿಪ್ಪುನೇರಳೆ ಸೊಪ್ಪು. ಬೆಳಗ್ಗೆ ಸೊಪ್ಪು ಬಿಡಿಸಬೇಕು, ರೇಷ್ಮೆಹುಳು ಸಾಕುವ ಬಿದಿರು ತಟ್ಟೆಗಳಿಗೆ ಸಗಣಿ ಸಾರಿಸಿ ಒಣಗಿಸಬೇಕು. ಮಧ್ಯಾಹ್ನ ಜಗಲಿಯಲ್ಲಿ ಕೂತರೆ, ಸೊಪ್ಪಿನ ಅಂಟುಕರೆ ಹತ್ತಿದ ಬೆರಳಲ್ಲಿ ಲೇಖನಿ ನಿಲ್ಲುತ್ತಿರಲಿಲ್ಲ.

"ರಜ ಕೊಟ್ಟೋರು ಬರಿಯೋಕ್ಯಾಕಮ್ಮ ಕೊಡ್ತಾರೆ? ರಜ ಮೇಷ್ಟ್ರಿಗೊಬ್ಬರಿಗೇನಾ?"

"ಬರಿ ಕಣಮ್ಮ" ಎನ್ನುತ್ತಿದ್ದಳು ತಾಯಿ ಲಕ್ಷ್ಮೀನರಸಮ್ಮ. "ನಂಗಂತೂ ಬರಲಿಲ್ಲ."

ಅಮ್ಮಾಜಮ್ಮ ಬೈದುಕೊಳ್ಳುತ್ತಲೇ ನಲವತ್ತೂ ಪುಟ ಬರೆದಳು.

ಸ್ಕೂಲು ತೆರೆಯುವ ಹಿಂದಿನ ದಿನ ಮೊಟ್ಟೆ ಒಡೆದು ಇರುವೆಯಂಥ ಮರಿಹುಳುಗಳು ಹೊರಬಂದವು. ಎಳೆಯ ಹುಳುವನ್ನು ಬರೀ ತಟ್ಟೆಗೆ ಬಿಡುವಂತಿಲ್ಲ, ಕೆಳಗೆ ಕಾಗದ ಬೇಕು. ಮನೆಯಲ್ಲಿ ಹಳೆಯ ಪೇಪರಿರಲಿಲ್ಲ. ಮಗಳು ತೋಟಕ್ಕೆ ಹೋಗಿದ್ದಳು. ಲಕ್ಷ್ಮೀನರಸಮ್ಮ ನೋಟ್‌ಬುಕ್ ತೆಗೆದಳು. ಖಾಲಿ ಹಾಳೆ ಮಗಳಿಗೆ ಬೇಕು. ಬರೆದ ಹಾಳೆಯ ಕೆಲಸ ಮುಗಿದಿದೆ. ಬರೆದ ಇಪ್ಪತ್ತು ಹಾಳೆಗಳನ್ನಷ್ಟೇ ಹೊಲಿಗೆ ಹರಿಯದಂತೆ ಬಿಡಿಸಿ ತಟ್ಟೆಗೆ ಹಾಸಿದಳು. ಉಳಿದದ್ದನ್ನು ಜೋಪಾನವಾಗಿ ಚೀಲದಲ್ಲಿಟ್ಟಳು.

ಮರುದಿನ ಕ್ಲಾಸಿನಲ್ಲಿ ಅಮ್ಮಾಜಮ್ಮ ಪುಸ್ತಕ ತೆರೆದರೆ ಎಲ್ಲವೂ ಬಿಳಿ. ಹಾಳೆ ಹೋದದ್ದು ಎಲ್ಲಿಗೆಂದು ಅವಳಿಗೆ ಹೊಳೆಯಿತು, ಮೇಷ್ಟ್ರಿಗೆ ಹೇಳಿದಳು.

"ಹಂಗಾದ್ರೆ ಪರೀಕ್ಷೆಗೆ ನಿನ್ನ ಹುಳಗಳ್ನೇ ಕಳ್ಸಮ್ಮ" ಎಂದರು ಮೇಷ್ಟ್ರು. "ಅಕ್ಷರ ಚೆನ್ನಾಗಿ ತಿಂದಿರ್ತವೆ."

ಕ್ಲಾಸು ನಕ್ಕಿತು. ಆ ನಗು ನಿಲ್ಲುವ ಮೊದಲೇ ರೂಲುದೊಣ್ಣೆ ಅವಳ ಬೆರಳ ಗೆಣ್ಣುಗಳ ಮೇಲೆ ಬಿತ್ತು.

ಮುನಿಗಂಗಪ್ಪನಿಗೆ ಕರೆ ಹೋಯಿತು. ಅಂದು ಬೆಳಗ್ಗೆ ತಟ್ಟೆಗೆ ಸೊಪ್ಪು ಹಾಕಿದವನು ಅವನೇ. ಹುಳುಗಳ ಕೆಳಗೆ ಮಗಳ ಅಕ್ಷರ ಕಂಡಿದ್ದ.

"ನಿಮ್ಮ ಹುಡುಗಿ ಸುಳ್ಳು ಹೇಳ್ತಾಳಪ್ಪ" ಎಂದರು ಮೇಷ್ಟ್ರು.

ಅಮ್ಮಾಜಮ್ಮ ಅಪ್ಪನ ಬಾಯನ್ನೇ ನೋಡಿದಳು. ಅವನು ತಲೆಯ ಟವೆಲು ತೆಗೆದು ಹೆಗಲಿಗೆ ಹಾಕಿಕೊಂಡ.

"ಇರಬೌದು ಸ್ವಾಮಿ. ಸ್ಕೂಲು ಬಿಡಿಸ್ಕೊಂಡು ಹೋಗ್ತೀನಿ. ಮನೇಲೂ ಕೈ ಸಾಲ್ದು."

ವಾರ ಕಳೆಯುವಷ್ಟರಲ್ಲಿ ಹುಳುಗಳು ಬೆಳೆದವು. ಕೊಳೆತ ಕಾಗದ ಬದಲಿಸಬೇಕಾಯಿತು. ಅಮ್ಮಾಜಮ್ಮ ನೋಟ್‌ಬುಕ್ ತಂದು ಖಾಲಿ ಹಾಳೆಗಳನ್ನು ಒಂದೊಂದಾಗಿ ಹರಿಯತೊಡಗಿದಳು.

"ಅದು ಖಾಲಿ ಹಾಳೆ ಕಣಮ್ಮ, ಬೇಕಾಗುತ್ತೆ" ಎಂದು ತಾಯಿ ಕೈಹಿಡಿದಳು.

"ಯಾರಿಗೆ?" ಎಂದಳು ಅಮ್ಮಾಜಮ್ಮ. "ನಿಂಗೆ ಓದೋಕೆ ಬಂದಿದ್ರೆ ಇವತ್ತು ನಾನು ಓದ್ತಿದ್ದೆ."

ಲಕ್ಷ್ಮೀನರಸಮ್ಮ ಕೈ ಬಿಟ್ಟಳು. ಹರಿದ ಹಾಳೆಯೊಂದನ್ನು ಸೆರಗಿನಿಂದ ಒರೆಸಿ, ಸುಕ್ಕು ತೀಡಿ, ತಟ್ಟೆಗೆ ಹಾಸಿದಳು. ಮಗಳು ಇನ್ನೊಂದನ್ನು ಹರಿದುಕೊಟ್ಟಳು.