ಅಣ್ಣನ ಹೆಗಲಿಗೆ ಮೂರು ಒದೆ

ನಾನು ಕಾಲು ಮುಂದಾಗಿ ಹುಟ್ಟಿದವಳು. ಹಾಗೆ ಹುಟ್ಟಿದವರು ಒದ್ದರೆ ಉಳುಕು ಬಿಡುತ್ತದೆ ಎಂಬ ನಂಬಿಕೆ ನಮ್ಮ ಕಡೆ ಇನ್ನೂ ಗಟ್ಟಿಯಾಗಿದೆ. ಶಿಕಾರಿಪುರದ ಕಾಲೇಜೊಂದರಲ್ಲಿ ಗುಮಾಸ್ತೆಯಾಗಿರುವ ನಾನು ಪ್ರಿನ್ಸಿಪಾಲರ ಸೊಂಟಕ್ಕೂ ಒದ್ದಿದ್ದೇನೆ. ಅಂದಿನಿಂದ ಅವರು ನನ್ನ ರಜೆ ಅರ್ಜಿಗೆ ತಕರಾರು ತೆಗೆದಿಲ್ಲ. ಹಿರಿಯರನ್ನು ಒದೆಯುವುದು ಪಾಪವಲ್ಲವೇ, ಅದಕ್ಕೊಂದು ಕಟ್ಟಳೆ: ಮೂರು ಒದೆ ಮುಗಿದ ಮೇಲೆ ಅವರ ಕಾಲಿಗೆ ನಮಸ್ಕಾರ ಮಾಡಬೇಕು. ಒದ್ದು ಕಾಲಿಗೆ ಬೀಳುವುದು, ಎಂಥ ಉದ್ಯೋಗ ನೋಡಿ!

ಕಳೆದ ವರ್ಷ ಸೊರಬದ ಉಳವಿಯಿಂದ ನನ್ನ ಅಣ್ಣ ಬೆಳಗಿನ ಬಸ್ಸಿಗೆ ಬಂದ. ಎಂಟು ದಿನದಿಂದ ಎಡ ಹೆಗಲು ನೋವಂತೆ. ನಮ್ಮದು ಮಹಡಿ ಮನೆ. ಮೆಟ್ಟಿಲು ಹತ್ತಿದವನೇ ಹೆಗಲು ಹಿಡಿದುಕೊಂಡು ಕೂತ. ಕಾಫಿ ಕುಡಿಯುವಷ್ಟರಲ್ಲಿ ಸರಿಹೋದ.

"ಮೂಟೆಗೀಟೆ ಎತ್ತಿದ್ಯಾ?" ಎಂದೆ.

"ಇಲ್ಲ ಮಾರಾಯ್ತಿ. ಸುಮ್ನೆ ಒದಿ, ಹನ್ನೊಂದರ ಬಸ್ಸಿಗೆ ಹೋಗ್ಬೇಕು."

ಗೋಡೆಗೆ ಮುಖ ಮಾಡಿ ನೆಲದ ಮೇಲೆ ಕೂರಿಸಿ ಮೊದಲ ಒದೆ ಕೊಟ್ಟೆ. ಅಣ್ಣ ಕಮಕ್ ಕಿಮಕ್ ಅನ್ನಲಿಲ್ಲ. ನನಗೆ ಅವಮಾನವಾಯಿತು. ಎರಡನೆಯದನ್ನು ಜೋರಾಗಿಯೇ ಕೊಟ್ಟು, "ನೋವಾಯ್ತಾ?" ಎಂದು ಕೇಳಿದೆ.

"ಎಲ್ಲಿ? ನೀ ಒದ್ದದ್ದೇ ಗೊತ್ತಾಗ್ಲಿಲ್ಲ."

ಮೂವತ್ತು ವರ್ಷ ಒದ್ದವಳು ನಾನು. ಉಳುಕಿದ ಜಾಗಕ್ಕೆ ಹೆಬ್ಬೆರಳು ತಾಗಿದರೂ ಮನುಷ್ಯ ಹಾರಿಬೀಳುತ್ತಾನೆ. ಕೈ ಎತ್ತು ಅಂದೆ, ಎತ್ತಿದ. ತಿರುಗಿಸು ಅಂದೆ, ಕವಣೆ ಬೀಸುವವನ ಹಾಗೆ ತಿರುಗಿಸಿದ. ನೋವಿಲ್ಲ. ಮತ್ತೆ ಯಾವಾಗ ಬರುತ್ತದೆ?

"ಏರು ಹತ್ತುವಾಗ. ಕೂತ್ರೆ ಹೋಗ್ತದೆ. ಸ್ವಲ್ಪ ಬೆವರೂ ಬರ್ತದೆ."

ಮೂರನೆಯದಕ್ಕೆ ಎತ್ತಿದ್ದ ಕಾಲನ್ನು ಕೆಳಗಿಟ್ಟೆ. ಇದು ಹೆಗಲಿನದ್ದಲ್ಲ, ಎದೆಯದ್ದು ಅನ್ನಿಸಿತು.

"ಏಳು ಅಣ್ಣಾ, ಆಸ್ಪತ್ರೆಗೆ."

"ಇನ್ನೊಂದು ಬಾಕಿ ಉಂಟಲ್ಲೇ! ಅರ್ಧಕ್ಕೆ ಬಿಟ್ರೆ ಕೆಟ್ಟದ್ದು."

"ಬಾಯಿ ಮುಚ್ಕೊಂಡು ಬಾ!"

ಆಟೋದಲ್ಲಿ ದಾರಿಯುದ್ದಕ್ಕೂ ಅದೇ ಜಗಳ. ಡ್ರೈವರ್ ತಿರುಗಿ, "ಒಂದ್ ಒದ್ದುಬಿಡ್ರೀ ಅಕ್ಕಾರೆ, ಪಾಪ, ಅಷ್ಟು ಕೇಳ್ತಿದಾರೆ" ಎಂದು ಶಿಫಾರಸು ಮಾಡಿದ.

ಇಸಿಜಿ ನೋಡಿದ ಡಾಕ್ಟರು, "ಹಾರ್ಟಿನ ತೊಂದರೆ ಕಣ್ರೀ, ತಡ ಮಾಡೋ ಹಾಗಿಲ್ಲ" ಎಂದು ಆಂಬುಲೆನ್ಸಿನಲ್ಲಿ ಶಿವಮೊಗ್ಗಕ್ಕೆ ಕಳಿಸಿದರು. ಹೊರಡುವಾಗ, "ಬೆನ್ನ ಮೇಲೆ ಇದೇನು, ಹೆಜ್ಜೆ ಗುರುತು?" ಎಂದರು. ನಾನು ಗಡಿಯಾರ ನೋಡಿದೆ.

ಎರಡು ದಿನದ ಮೇಲೆ, ಸ್ಟೆಂಟ್ ಹಾಕಿಸಿಕೊಂಡು ಮಲಗಿದ್ದ ಅಣ್ಣನ ಪಾದ ಮುಟ್ಟಿ ನಮಸ್ಕಾರ ಮಾಡಿದೆ.

"ಮೂರನೇದು ಆಗ್ಲಿಲ್ಲ, ಈಗ್ಲೇ ಯಾಕೆ ನಮಸ್ಕಾರ?" ಅಂದ.

"ಅದು ಬಾಕಿ ಇರ್ಲಿ. ಅದನ್ನ ತಿನ್ನೋಕಾದ್ರೂ ಬದುಕಿರು" ಅಂದೆ. ಆಮೇಲೆ ಆ ಕಾಲು ಹಿಡಿದುಕೊಂಡೇ ಅತ್ತುಬಿಟ್ಟೆ.