ಸಣ್ಣ ಬಿ, ದೊಡ್ಡ ಬಿ ಮತ್ತು ಲೈನ್‌ಮನ್ ತಿಮ್ಮಪ್ಪ

ಕಳೆದ ಮಂಗಳವಾರ ನಾನು ಹೊನ್ನಾವರದ ಬಸ್ಸು ಹತ್ತಿದ್ದು ಜಗಳ ಮಾಡಲೆಂದೇ.

ನಿವೃತ್ತ ಗಣಿತ ಮಾಸ್ತರನೊಬ್ಬ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಜಗಳಕ್ಕೆ ಹೊರಟಿದ್ದಾನೆಂದರೆ ಕಾರಣ ಸಣ್ಣದಿರಲಿಕ್ಕಿಲ್ಲ, ಅಲ್ಲವೇ? ಹಳದೀಪುರದ ನಮ್ಮ ಮನೆಗೆ ಹಿಂದಿನ ವಾರವಷ್ಟೇ ಫೈಬರ್ ಇಂಟರ್ನೆಟ್ ಬಂದಿತ್ತು. ನೂರು ಎಂಬಿಪಿಎಸ್ ಸ್ಪೀಡು ಎಂದಿದ್ದರು. ಗೆಳೆಯರೊಬ್ಬರು ಕಳಿಸಿದ ತಾಳಮದ್ದಳೆಯ ವಿಡಿಯೋ ಡೌನ್‌ಲೋಡ್ ಮಾಡುತ್ತ ಕಂಪ್ಯೂಟರಿನ ಮೂಲೆ ನೋಡಿದರೆ, ಹನ್ನೆರಡು. ಕನ್ನಡಕ ಒರೆಸಿ ನೋಡಿದೆ. ಹನ್ನೆರಡೇ.

ನೂರಕ್ಕೆ ಹನ್ನೆರಡು. ಇಷ್ಟು ತೆಗೆದವರನ್ನು ನಾನು ಕ್ಲಾಸಿನಲ್ಲಿ ಎಂದಾದರೂ ಸುಮ್ಮನೆ ಬಿಟ್ಟಿದ್ದುಂಟೇ?

"ಫೋನ್ ಮಾಡಿ ಕೇಳಿದ್ರೆ ಆಗ್ತಿರ್ಲಿಲ್ವಾ?" ಎಂದಳು ಹೆಂಡತಿ. ಫೋನಿನಲ್ಲಿ ಮಾಡಿದರೆ ಜಗಳಕ್ಕೆ ಕಳೆ ಎಲ್ಲಿಂದ ಬರಬೇಕು?

ಇಂಟರ್ನೆಟ್ ಕಂಪನಿಯ ಆಫೀಸಿನ ಕೌಂಟರಿನಲ್ಲಿದ್ದವಳು ನಾಗವೇಣಿ, ನನ್ನ ಹಳೇ ವಿದ್ಯಾರ್ಥಿನಿ. (ನಮ್ಮ ಕಡೆ ಮೂರು ದಶಕ ಮಾಸ್ತರಿಕೆ ಮಾಡಿದವನು ಯಾವ ಕೌಂಟರಿನಲ್ಲೂ ನೆಮ್ಮದಿಯಾಗಿ ಜಗಳ ಆಡುವಂತಿಲ್ಲ. ಆಚೆ ಕೂತವರು ಎದ್ದು ನಿಂತುಬಿಡುತ್ತಾರೆ.)

"ಕೂತ್ಕಳಿ ಸರ್. ಎಂತ ಆತು?"

ಮೊಬೈಲಿನಲ್ಲಿ ಸಾಕ್ಷಿಯಾಗಿ ತೆಗೆದುಕೊಂಡಿದ್ದ ಫೋಟೋ ತೋರಿಸಿದೆ. ಅವಳು ನೋಡಿದಳು. ನಗು ಬಾರದಂತೆ ತುಟಿ ಬಿಗಿಹಿಡಿದಳು.

"ಸರ್, ಏಕಮಾನ ನೋಡಿದ್ರಾ?"

ಏಕಮಾನ ಬರೆಯದ ಉತ್ತರಕ್ಕೆ ಅರ್ಧ ಅಂಕ ಕತ್ತರಿಸುತ್ತಿದ್ದವನು ನಾನು. ಇವಳದ್ದೂ ಕತ್ತರಿಸಿದ್ದೇನೆ.

ಹಾಳೆಯೊಂದರ ಹಿಂಬದಿಯಲ್ಲಿ ಬರೆದು ತೋರಿಸಿದಳು. "ಪ್ಲಾನಿನಲ್ಲಿ ಇರೂದು ಸಣ್ಣ ಬಿ ಸರ್, ಬಿಟ್. ಕಂಪ್ಯೂಟರ್ ತೋರಿಸೂದು ದೊಡ್ಡ ಬಿ, ಬೈಟ್. ಎಂಟು ಬಿಟ್ ಸೇರಿದ್ರೆ ಒಂದು ಬೈಟ್. ನೂರನ್ನ ಎಂಟರಿಂದ ಭಾಗಿಸಿ."

ಹನ್ನೆರಡೂವರೆ. ಅಂದರೆ ಸ್ಪೀಡು ಹೆಚ್ಚುಕಮ್ಮಿ ಪೂರ್ತಿಯೇ ಬರುತ್ತಿತ್ತು.

ಮಾನ ಉಳಿಯಬೇಕಲ್ಲ, ಮಾತು ತಿರುಗಿಸಿದೆ. ಹಿಂದಿನ ಡಯಲ್-ಅಪ್‌ಗಿಂತ ಇದು ಎಷ್ಟು ಪಟ್ಟು ಜೋರು ಎಂದು ಕೇಳಿದೆ. ಡಯಲ್-ಅಪ್ ಎಂಬುದನ್ನು ಅವಳು ಕಂಡೇ ಇಲ್ಲ. ಅದು ಐವತ್ತಾರು ಕೆಬಿಪಿಎಸ್ ಎಂದೆ. ಈಗಿನ ನೂರು ಎಂಬಿಪಿಎಸ್ಸನ್ನು ಕೆಬಿಪಿಎಸ್ ಮಾಡಿದರೆ ಒಂದು ಲಕ್ಷ. ಅದನ್ನು ಐವತ್ತಾರರಿಂದ ಭಾಗಿಸಿದೆವು. ಸುಮಾರು ಸಾವಿರದ ಏಳುನೂರ ಎಂಬತ್ತೈದು ಪಟ್ಟು. ಐದು ಎಂಬಿಯ ಒಂದು ಹಾಡಿಗೆ ಆಗ ಹನ್ನೆರಡು ನಿಮಿಷ ಹಿಡಿದರೆ, ಈಗ ಅರ್ಧ ಸೆಕೆಂಡೂ ಬೇಡ.

"ಹನ್ನೆರಡು ನಿಮಿಷ ಎಂತ ಮಾಡ್ತಿದ್ರಿ ಸರ್?"

"ಚಾ ಕುಡೀತಿದ್ವಿ."

ಅಷ್ಟಕ್ಕೇ ಎದ್ದು ಬರಬೇಕಿತ್ತು. ಮಾಸ್ತರ ಕೈ, ಸುಮ್ಮನಿರುತ್ತದೆಯೇ? ಐವತ್ತಾರನ್ನೂ ಎಂಟರಿಂದ ಭಾಗಿಸಿತು. ಏಳು. ಪೆನ್ನು ಅಲ್ಲೇ ನಿಂತಿತು.

ಇಪ್ಪತ್ತು ವರ್ಷಗಳಿಗೂ ಹಿಂದೆ ನಮ್ಮ ಹೈಸ್ಕೂಲಿಗೆ ಡಯಲ್-ಅಪ್ ಬಂದಾಗ ಅದರ ಉಸ್ತುವಾರಿ ನನ್ನದಾಗಿತ್ತು. ಮೋಡೆಮ್ಮು ಕೀಂಯ್ ಎಂದು ಅತ್ತು ಕರೆದು ಲೈನು ಹಿಡಿಯಬೇಕು. ಆಗ ಹೆಡ್‌ಮಾಸ್ತರು ತಮ್ಮ ಕೋಣೆಯಲ್ಲಿ ಫೋನೆತ್ತಿದರೋ, ಎಲ್ಲ ಕಡಿದು ಮತ್ತೆ ಮೊದಲಿನಿಂದ. ಹಾಗೂ ಹೀಗೂ ಕನೆಕ್ಟ್ ಆದರೆ ಪರದೆಯ ಮೇಲೆ ಐದು, ಹೆಚ್ಚೆಂದರೆ ಆರು. ಐವತ್ತಾರು ಎಂದು ಹೇಳಿ ಆರು ಕೊಡುವುದೇ?

ಟೆಲಿಫೋನ್ ಲೈನ್‌ಮನ್ ತಿಮ್ಮಪ್ಪನವರನ್ನು ಕರೆಸಿದೆ. ಮಳೆಯಲ್ಲಿ ನಾಲ್ಕು ಸಲ ಕಂಬ ಹತ್ತಿ ಇಳಿದು, "ಲೈನ್ ಸರಿ ಉಂಟು ಮಾಸ್ತರೇ" ಎಂದರು. "ಮತ್ತೆ ಉಳಿದ ಐವತ್ತು ಯಾರ ಮನೆಗೆ ಎಳೆದಿದ್ದೀಯ?" ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಕೇಳಿದೆ. (ನನಗಿಂತ ಎರಡು ವರ್ಷ ದೊಡ್ಡವರು. ಆದರೂ ಏಕವಚನ.) ಎಲ್ಲರೂ ನಕ್ಕರು. ಅವರು ಒದ್ದೆ ಕೈ ಒರೆಸಿಕೊಂಡು ಹೋದರು. ಸಿಕ್ಕ ನಗುವಿನ ಹುರುಪಿನಲ್ಲಿ ನಾನು ಒಂದು ದೂರನ್ನೂ ಬರೆದು ಕಳಿಸಿದೆ. ಮೇಲಿನವರು ಅವರನ್ನು ಕರೆಸಿ ವಿವರಣೆ ಕೇಳಿದರಂತೆ. ಅಂದಿನಿಂದ ನಾನು ಎದುರಾದರೆ ಅವರ ಸೈಕಲ್ಲು ಬೇರೆ ದಾರಿ ಹಿಡಿಯುತ್ತಿತ್ತು. ತಪ್ಪಿತಸ್ಥ, ಮುಖ ತಪ್ಪಿಸುತ್ತಾನೆ ಎಂದುಕೊಂಡೆ.

ತಪ್ಪಿತಸ್ಥ ಯಾರೆಂದು ಈಗ ನಾಗವೇಣಿಯ ಹಾಳೆ ಹೇಳುತ್ತಿತ್ತು.

ಹಿಂದಿರುಗುವಾಗ ಮನೆಗಿಂತ ಒಂದು ಸ್ಟಾಪು ಮೊದಲೇ ಇಳಿದೆ. ತಿಮ್ಮಪ್ಪನವರು ಅಂಗಳದಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದರು. ನನ್ನನ್ನು ಕಂಡು ಕೈ ನಿಲ್ಲಿಸಿದರು. ನಾಗವೇಣಿಯ ಹಾಳೆಯನ್ನೇ ಅವರ ಕೈಗೆ ಕೊಟ್ಟೆ. ತೋಳು ಚಾಚಿ ದೂರ ಹಿಡಿದು ಓದಿದರು.

"ಇದು ನಂಗೆ ಆಗ್ಲೇ ಗೊತ್ತಿತ್ತು ಮಾಸ್ತರೇ."

"ಮತ್ತೆ ಎಂತಕ್ಕೆ ಹೇಳ್ಲಿಲ್ಲ?"

"ಗಣಿತದ ಮಾಸ್ತರಿಗೆ ಎಂಟರ ಮಗ್ಗಿ ಹೇಳೂಕೆ ಆಗ್ತದ್ಯಾ?"

ಇಬ್ಬರಿಗೂ ನಗು ಬಂತು. ನಗು ನಿಂತ ಮೇಲೆ ನಾನು ತಪ್ಪಾಯಿತು ಎಂದೆ. ಸಣ್ಣ ಮಾತು, ಗಂಟಲಿನಿಂದ ಹೊರಡಲು ಡಯಲ್-ಅಪ್‌ನಷ್ಟೇ ಹೊತ್ತು ಹಿಡಿಯಿತು.

"ಆತು ಬಿಡಿ" ಎಂದರು ಅವರು. ಇನ್ನೊಂದು ಕಾಯಿ ಎತ್ತಿಕೊಳ್ಳುತ್ತ, "ನನ್ನ ಜವಾಬಿನಲ್ಲಿ ಇದೇ ಲೆಕ್ಕ ಬರ್ದು ಕೊಟ್ಟಿದ್ದೆ. ಆಫೀಸಿನವ್ರು ಒಪ್ಪಿದ್ರು. ಅದ್ರ ಕಾಪಿ ಶಾಲೆಗೂ ಬಂದಿತ್ತಲ್ಲ, ನಿಮ್ಮ ಹೆಸ್ರಿಗೆ?"

ಬಂದಿತ್ತು. ಖಾಕಿ ಬಣ್ಣದ ಲಕೋಟೆ, ಈಗ ಚೆನ್ನಾಗಿ ನೆನಪಾಗುತ್ತದೆ. ಒಡೆಯದೆಯೇ ಫೈಲಿಗೆ ಸೇರಿಸಿದ್ದೆ. ಅವರ ಹೆಂಡತಿ ತಂದಿಟ್ಟ ಚಾ ಕುಡಿಯುವಾಗಲೂ ನನಗೆ ಅವರ ಮುಖ ನೋಡಲಾಗಲಿಲ್ಲ.

ದೂರು ಬರೆಯುವುದರಲ್ಲಿ ನಾವೆಲ್ಲ ಫೈಬರ್ ಸ್ಪೀಡಿನವರೇ. ಬಂದ ಉತ್ತರ ಓದುವವರು ಎಷ್ಟು ಮಂದಿ?