ಕೊಡದ ಮೇಲೆ ಹೆಸರು ಕೊರೆದವನು

ನಿಪ್ಪಾಣಿಯ ಭಾಂಡೆ ಅಂಗಡಿಯ ಕಟ್ಟೆಯ ಮೇಲೆ ಕೂತು ಪಾತ್ರೆಗಳಿಗೆ ಹೆಸರು ಕೊರೆಯುತ್ತಿದ್ದ ಅಜ್ಜನೊಬ್ಬ, ಉಳಿ ಎತ್ತುವ ಮೊದಲು ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದ: “ಹೆಸರಿನ ಅರ್ಥ ಹೇಳ್ರಿ, ಅಂದ್ರ ಕೈ ಓಡತೈತಿ.” ಆನಂದ, ವಿನಾಯಕ ಎಂಬವರೆಲ್ಲ ಗತ್ತಿನಿಂದ ಹೇಳುತ್ತಿದ್ದರು. ಅವನು ಕನ್ನಡಕವನ್ನು ಹಣೆಗೇರಿಸಿ, ಪಾಠ ಒಪ್ಪಿಸಿಕೊಳ್ಳುವ ಮಾಸ್ತರನಂತೆ ತಲೆಯಾಡಿಸುತ್ತಿದ್ದ.

ಎಂಬತ್ತರ ದಶಕದಲ್ಲಿ, ನನ್ನ ಮದುವೆಗೆಂದು ತಾಮ್ರದ ಕೊಡ ಕೊಂಡಾಗ ನಾನು “ಟಿ. ಎಸ್. ಅಂತ ಹಾಕ್ರಿ, ಸಾಕು” ಎಂದೆ. ಹೊಸ ಹೆಂಡತಿ ನನ್ನ ಹೆಸರನ್ನು ಊರಿಗೆಲ್ಲ ತೋರಿಸುತ್ತ ನೀರಿಗೆ ಹೋಗುವುದು ನನಗೆ ಬೇಡವಾಗಿತ್ತು.

ಅಜ್ಜ ಸೀಮೆಸುಣ್ಣದಲ್ಲಿ ಬರೆದುಕೊಂಡು ಕೇಳಿದ. “ಟಿ ಅಂದ್ರ?”

ನಾನು ಬೀದಿಯತ್ತ ತಿರುಗಿದೆ. ಪಕ್ಕದಲ್ಲಿದ್ದ ಅವ್ವ ಹೇಳಿದಳು: “ತಿಪ್ಪಣ್ಣರಿ. ಇವಗಿಂತ ಮುಂಚೆ ಮೂರು ಕೂಸು ಉಳೀಲಿಲ್ಲ. ತಿಪ್ಪಿ ಮ್ಯಾಲ ಹಾಕಿ ಎತ್ತಿಕೊಂಡ್ರ, ಸಾವು ಕಸ ಅಂದಕೊಂಡು ಬಿಟ್ಟು ಹೋಗತೈತಿ ಅಂದ್ರು.”

“ಎಷ್ಟೊತ್ತು ಹಾಕಿದ್ದಿ ಯವ್ವಾ?”

“ಹಾಕಾಕ ಎಲ್ಲಿ ಮನಸ್ಸ ಬರತೈತ್ರಿ? ಮೊರದಾಗ ಮಲಗಿಸಿ, ಮೊರಾ ಕೈಯಾಗ ಹಿಡಕೊಂಡು ತಿಪ್ಪಿ ಮ್ಯಾಲ ನಾನs ನಿಂತಿದ್ದೆ.”

ಇದು ನನಗೂ ಅಂದೇ ಗೊತ್ತಾದದ್ದು. ಅಜ್ಜ ಹೊಟ್ಟೆ ಹಿಡಿದುಕೊಂಡು ನಕ್ಕ. ಬರೆದದ್ದನ್ನು ಹೆಬ್ಬೆರಳಿನಿಂದ ಒರೆಸಿ, ಕೊಡದ ತುಂಬ ದಪ್ಪಕ್ಷರದಲ್ಲಿ ತಿಪ್ಪಣ್ಣ ಎಂದು ಕೊರೆದ. ಯಾರೂ ಕೇಳದಿದ್ದರೂ ಕೆಳಗೊಂದು ಪುಟ್ಟ ಮೊರವನ್ನೂ ಬಿಡಿಸಿದ.

ಮದುವೆಯಾದ ವಾರದಲ್ಲೇ ನನ್ನ ಹೆಂಡತಿ ಆ ಮೊರ ಯಾಕೆಂದು ಅವ್ವನನ್ನು ಕೇಳಿದಳು. ಆಮೇಲೆ ಆ ಕೊಡ ಸೊಂಟಕ್ಕೇರಿದಾಗಲೆಲ್ಲ ಹೆಸರು ಹೊರಗೇ ಇರುತ್ತಿತ್ತು.